ಗುಂಡ್ಲುಪೇಟೆಗೆ, ಬೆಂಕಿ ಕುಣಿತ ಕಲಿಯಲು

ಭಾನುವಾರ ಬೆಳಿಗ್ಗೆ ಮೈಸೂರಿನಿಂದ ಹೊರಟಾಗಲೇ ಮೋಡ ಕವಿದಿತ್ತು. ನಂಜನಗೂಡು ದಾಟಿ ಬದನಗುಪ್ಪೆಯ ಕಾರ್ಖಾನೆಗಳು ಕಾಣುವ ಹೊತ್ತಿಗೆ ಜಿನುಗು ಮಳೆ ಹಿಡಿಯಿತು. ನಮ್ಮ ಹವ್ಯಾಸಿ ತಂಡದ ಹೊಸ ನಾಟಕದಲ್ಲಿ ಬೆಂಕಿ ಕುಣಿತದ ದೃಶ್ಯವೊಂದಿತ್ತು. ಗುಂಡ್ಲುಪೇಟೆಯಲ್ಲಿ ಮಹೇಶ ಎಂಬುವರು ಊರಿನ ಕೆಲವರನ್ನು ಸೇರಿಸಿಕೊಂಡು ಅದನ್ನು ಕಲಿಸುತ್ತಾರೆಂದು ತಿಳಿದು ಫೋನು ಮಾಡಿದ್ದೆ. "ಚಾಮರಾಜನಗರಕ್ಕೆ ಬಂದ್ಬುಡಿ ಸಾರ್. ನಮ್ಮತ್ತಿಗೆ ಅಲ್ಲಿಂದ ಬತ್ತಾರೆ, ಜಾಗ ಅವರ್ಗೆ ಗೊತ್ತು, ಅವರ ಜೊತೇಲೇ ಬನ್ನಿ," ಎಂದಿದ್ದರು.

ಅವರ ಅತ್ತಿಗೆ ರತ್ನಮ್ಮ ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದರು. ಹರದನಹಳ್ಳಿಯವರು, ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ. ಕೈಚೀಲದಲ್ಲಿ ಒಂದು ಕರಿ ಕಂಬಳಿ ಮಡಚಿಟ್ಟಿದ್ದರು. ಹೋಟೆಲಿನಲ್ಲಿ ಇಡ್ಲಿ ತಿಂದೆವು. ಅವರು ಅರ್ಧಕ್ಕೇ ಕೈ ತೊಳೆದರು.

ಗುಂಡ್ಲುಪೇಟೆಗೆ ಒಂದು ಗಂಟೆಗೂ ಮೇಲಿನ ದಾರಿ. ಹೆಂಗಸರಿಗೆ ಬಸ್ಸು ಉಚಿತವಾದ್ದರಿಂದ ನಾನೊಬ್ಬನೇ ದುಡ್ಡು ಕೊಟ್ಟೆ. ತೆರಕಣಾಂಬಿ ದಾಟಿದ ಮೇಲೆ ಚೆಂಡುಹೂವಿನ ಹೊಲಗಳು ಮಳೆಯಲ್ಲಿ ಮಂಕಾಗಿ ನಿಂತಿದ್ದವು. ಕಂಬಳಿ ಯಾಕೆಂದು ಕೇಳಿದೆ.

"ಬೆಂಕಿ ಅಂಟ್ಕಂಡ್ರೆ ಮುಚ್ಚಾಕೆ ಕಣಣ್ಣ. ನೀರಲ್ಲಿ ನೆನೆಸ್ಕಂಡು ನಾನು ಪಕ್ಕದಲ್ಲೇ ನಿಂತಿರ್ತೀನಿ," ಎಂದರು. ಆಮೇಲೆ ತಾವಾಗಿಯೇ ಉಳಿದದ್ದನ್ನೂ ಹೇಳಿದರು.

ಅವರ ಗಂಡ, ಅಂದರೆ ಮಹೇಶನ ಅಣ್ಣ, ಮದುವೆ ಮನೆಗಳಲ್ಲಿ ಬೆಂಕಿ ಕುಣಿಯುತ್ತಿದ್ದರಂತೆ. ಒಂದು ಆರತಕ್ಷತೆಯಲ್ಲಿ ಮದುವೆಯವರು ಮಿರಮಿರ ಮಿನುಗುವ ನೈಲಾನ್ ಅಂಗಿ ಕೊಟ್ಟು, ಅದನ್ನೇ ತೊಡಬೇಕೆಂದರು. ಕುಣಿಯುವಾಗ ತೋಳಿಗೆ ಬೆಂಕಿ ತಗುಲಿತು. "ಅವ್ರು ಓಡಾಡೋರು, ಜನ ಆಟ ಅಂದ್ಕಂಡು ಚಪ್ಪಾಳೆ ತಟ್ಟೋರು. ನಾನು ಕೂಗ್ಕಂಡಿದ್ದು ಆ ವಾದ್ಯದಲ್ಲಿ ಯಾರ್ಗೂ ಕೇಳ್ನಿಲ್ಲ." ಆಸ್ಪತ್ರೆಗೆ ಸೇರಿಸಿದರೂ ಉಳಿಯಲಿಲ್ಲ. ವರ್ಷ ತುಂಬಿದ ಮೇಲೆ ಮಹೇಶ ಬೇರೆ ಕಡೆ ಹೋಗಿ ಸುರಕ್ಷತೆಯ ಪಾಠ ಕಲಿತು ಬಂದು ಈ ತಂಡ ಕಟ್ಟಿದರು. ಕಾವಲಿಗೆ ನಿಲ್ಲುತ್ತೇನೆಂದು ರತ್ನಮ್ಮ ತಾವೇ ಕೇಳಿಕೊಂಡರಂತೆ.

ಊರಾಚೆಯ ಬಯಲಿನಲ್ಲಿ ಮಹೇಶ ಸಿಕ್ಕರು. ಮಧ್ಯಾಹ್ನವೆಲ್ಲ ಬೆಂಕಿಯಿಲ್ಲದೆ, ತುದಿಗೆ ಬಟ್ಟೆಯುಂಡೆ ಕಟ್ಟಿದ ಸರಪಳಿ ತಿರುಗಿಸುವುದನ್ನೇ ಕಲಿಸಿದರು. ಹತ್ತಿ ಬಟ್ಟೆಯನ್ನೇ ತೊಡಬೇಕು. ಸೀಮೆಎಣ್ಣೆಯ ಡಬ್ಬಿ ಮುಚ್ಚಿ ದೂರವಿಡಬೇಕು. ಅದ್ದಿದ ಬಟ್ಟೆಯುಂಡೆಯಿಂದ ಹೆಚ್ಚಿನ ಎಣ್ಣೆಯನ್ನು ಹಿಂಡಿ ತೆಗೆಯಬೇಕು. "ಬೆಂಕಿ ಅಂಟಿದ್ರೆ ಓಡ್ಬ್ಯಾಡಿ ಸಾರ್. ನಿಂತ್ಬುಡಿ, ನೆಲಕ್ಕೆ ಬಿದ್ಬುಡಿ. ಮಿಕ್ಕಿದ್ದು ಅತ್ತಿಗೆ ನೋಡ್ಕತಾರೆ."

ಮಳೆ ನಿಂತು ಸಂಜೆಯಾದಾಗ ನನ್ನ ಸರದಿ ಬಂತು. ಉರಿಯುವ ಉಂಡೆಗಳು ಕಿವಿಯ ಪಕ್ಕದಲ್ಲಿ ಭರ್ರೆನ್ನುತ್ತ ಸುತ್ತತೊಡಗಿದವು. ಭಯದ ಜೊತೆ ಹಿಗ್ಗೂ ಆಯಿತು. ಅಷ್ಟರಲ್ಲಿ ಗಾಳಿ ತಿರುಗಿತು. ಒಂದು ಉಂಡೆ ತೊಡೆಗೆ ಬಡಿದು ಪ್ಯಾಂಟಿಗೆ ಬೆಂಕಿ ಹತ್ತಿತು. ಕೇಳಿದ್ದೆಲ್ಲ ಮರೆತು ಓಡಲು ಕಾಲೆತ್ತಿದೆ.

"ಬೀಳಣ್ಣ!" ಎಂದು ಕೂಗಿದ ರತ್ನಮ್ಮ ನನ್ನನ್ನು ತಳ್ಳಿ ಕೆಡವಿ ಒದ್ದೆ ಕಂಬಳಿಯಿಂದ ಅದುಮಿ ಹಿಡಿದರು. ಉರಿ ಅಲ್ಲಿಗೇ ಆರಿತು. ಆದರೂ ಅವರು ಕೈ ತೆಗೆಯಲಿಲ್ಲ. ಕಂಬಳಿಗೆ ಮುಖವೊತ್ತಿ ಹಾಗೇ ಬಿದ್ದಿದ್ದರು.

"ಆರೋಯ್ತು ಅತ್ತಿಗೆ, ಬುಡಿ," ಎಂದು ಮಹೇಶ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ನನ್ನ ಚರ್ಮ ಕೆಂಪಾಗಿತ್ತು, ಅಷ್ಟೇ. ತಣ್ಣೀರು ಸುರಿದರು. ಆ ದಿನ ಮತ್ತೆ ಯಾರೂ ಬೆಂಕಿ ಹಚ್ಚಲಿಲ್ಲ.

ಹೊರಡುವಾಗ ರತ್ನಮ್ಮ ಕಂಬಳಿಯನ್ನು ಹಿಂಡಿ ಮಹೇಶನ ಕೈಗಿಟ್ಟರು. "ಇನ್ನು ಬೇರೆಯವ್ರನ್ನ ನಿಲ್ಲಿಸ್ಕೊ ಕಣಪ್ಪ. ನನ್ನ ಕೈಲಾಗಾಕಿಲ್ಲ." ಮಹೇಶ ಕಂಬಳಿ ತೆಗೆದುಕೊಂಡರು, ತಡೆಯಲಿಲ್ಲ.

ಚಾಮರಾಜನಗರದ ಬಸ್ಸು ಹತ್ತಿದೆವು. ಹೊರಗೆ ಮತ್ತೆ ಮಳೆ. ಊರು ಹತ್ತಿರವಾದಾಗ, "ನಿಮ್ಮಿಂದ ಉಳಿದೆ ರತ್ನಮ್ಮ," ಎಂದೆ.

"ನಂಗೆ ಸಂತೋಸ ಆಗ್ಬೇಕಿತ್ತು ಕಣಣ್ಣ," ಎಂದರು. "ಕಂಬಳಿ ಹಾಕ್ತಿದ್ದಂಗೇ ಆರೋಯ್ತಲ್ಲ. ಅವತ್ತೂ ಇಷ್ಟು ಸುಲಭವಾಗಿತ್ತಾ ಅನ್ನಿಸ್ಬುಡ್ತು."

ನಿಲ್ದಾಣದಲ್ಲಿ ಹರದನಹಳ್ಳಿಯ ಬಸ್ಸು ಹೊರಡುವುದರಲ್ಲಿತ್ತು. ಅವರು ಸೆರಗನ್ನು ತಲೆಗೆ ಹೊದ್ದು ಮಳೆಯಲ್ಲೇ ನಡೆದುಹೋಗಿ ಹತ್ತಿದರು. ಕಿಟಕಿಯ ಪಕ್ಕ ಕೂತವರು ತಮ್ಮ ಎರಡು ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದರು. ನಾನು ಕೈಯೆತ್ತಿದ್ದು ಅವರಿಗೆ ಕಾಣಲಿಲ್ಲ.