ಹಾಲಿನ ಚೀಲದ ಕೊಪ್ಪೆ

ಕೊಂಢವಾ ಬಡಾವಣೆಯ ನಮ್ಮ ಮನೆಯೊಳಗೆ ಇಂದು ಮತ್ತೆ ಗಟಾರದ ನೀರು ನುಗ್ಗಿತು. ಅದರ ಜೊತೆ ಬಂದ ಹುಳಿ ಹಾಲಿನ ವಾಸನೆ ನನ್ನನ್ನು ಶಾಲೆಯ ದಿನಗಳಿಗೆ ಎಳೆದೊಯ್ಯಿತು.

ಅವ್ವ ಆಗ ಹಾಲಿನ ಖಾಲಿ ಪ್ಲಾಸ್ಟಿಕ್ ಚೀಲ ಒಂದನ್ನೂ ಎಸೆಯುತ್ತಿರಲಿಲ್ಲ. ತೊಳೆದು, ಅಡುಗೆಮನೆಯ ಗೋಡೆಗೆ ಅಂಟಿಸಿ ಒಣಗಿಸಿ, ಮಳೆಗಾಲಕ್ಕೆ ನನಗೆ ತಲೆ, ಬೆನ್ನು ಮುಚ್ಚುವ ಕೊಪ್ಪೆ ಹೊಲಿಯುತ್ತಿದ್ದಳು. ಎಷ್ಟು ತೊಳೆದರೂ ಆ ವಾಸನೆ ಹೋಗುತ್ತಿರಲಿಲ್ಲ.

"ಎಲ್ಲಾರೂ ನಗ್ತಾರವ್ವಾ" ಎಂದು ಅಳುತ್ತಿದ್ದೆ.

"ನಗೋರು ನಗಲಿ. ನೀ ತೊಯ್ಸ್ಕೊಂಡು ಬರಬ್ಯಾಡ" ಎಂದು ಹೊದಿಸಿಯೇ ಕಳಿಸುತ್ತಿದ್ದಳು.

ಇವತ್ತು ಕಟ್ಟಿಕೊಂಡ ಗಟಾರಕ್ಕೆ ಕೈಹಾಕಿದೆ. ಹಿಡಿಹಿಡಿಯಾಗಿ ಬಂದದ್ದು ಓಣಿಯವರು ಎಸೆದ ಹಾಲಿನ ಚೀಲಗಳೇ. ಪಾದ ಮುಳುಗುವ ನೀರಿನಲ್ಲಿ ನಿಂತಿದ್ದ ಅವ್ವ ಒಂದನ್ನು ಎತ್ತಿಕೊಂಡು, ಅಭ್ಯಾಸದಂತೆ ಬೆರಳಿನಿಂದ ಉಜ್ಜಿದಳು.

"ನಾ ಒಬ್ಬಾಕಿ ಎಷ್ಟಂತ ತೊಳೀಲಿ?" ಎಂದವಳೇ ಅದನ್ನು ನೀರಿಗೇ ಬಿಟ್ಟಳು.