ಆಟೋದವರೆಗಿನ ಹತ್ತು ಹೆಜ್ಜೆ

ಗಂಡನನ್ನು ಆಟೋದಲ್ಲಿ ಕೂರಿಸಿ, ಪಕ್ಕದ ಮನೆಯ ಗಂಗಮ್ಮ ನಮ್ಮ ಬಾಗಿಲಿಗೆ ಓಡಿ ಬಂದರು. "ಅಕ್ಕಾ, ಇವರಿಗೆ ಇವತ್ತು ಆಪರೇಷನ್ನು. ನಿಮ್ಮ ಯೇಸಪ್ಪನ ಹತ್ರ ಒಂದು ಮಾತು ಹೇಳಿ."

ಎಂಬತ್ತರ ದಶಕದ ರಾಜಾಜಿನಗರ. ಹಿಂದಿನ ದಿನವಷ್ಟೇ ಬೀದಿ ನಲ್ಲಿಯ ಹತ್ತಿರ, ಬಿಂದಿಗೆಯ ಸರದಿಗಾಗಿ, ಇದೇ ಗಂಗಮ್ಮನನ್ನು ಬಾಯಿಗೆ ಬಂದಂತೆ ಬೈದಿದ್ದೆ. ಆ ಬಾಯಲ್ಲಿ ಹೇಗೆ ಪ್ರಾರ್ಥಿಸಲಿ? "ಭಾನುವಾರ ಪಾಸ್ಟರ್ ಹತ್ರ ಹೇಳಿಸ್ತೀನಿ" ಎಂದುಬಿಟ್ಟೆ.

"ಯಾಕಕ್ಕಾ, ನೀವು ಹೇಳಿದ್ರೆ ಕೇಳಲ್ವಾ?"

ಆ ದನಿಯಲ್ಲಿ ಕುಹಕವಿರಲಿಲ್ಲ. ನಾನು ಬಾಗಿಲಲ್ಲೇ ನಿಂತೆ. ಗಂಗಮ್ಮ ಹಿಂತಿರುಗಿ, ಗಂಡನ ತಲೆಯ ಮೇಲೆ ಕೈಯಿಟ್ಟು, "ಯೇಸಪ್ಪಾ, ನೀನೇ ನೋಡ್ಕೊಳಪ್ಪಾ" ಎಂದು ತಾವೇ ಹೇಳಿ ಆಟೋ ಹತ್ತಿದರು.

ಅವರ ಗಂಡ ಗುಣವಾಗಿ ಬಂದರು. ಆದರೆ ದೇವರನ್ನು ತಂದೆಯೆಂದೇ ಕರೆಯುತ್ತ ಬೆಳೆದ ನಾನು, ಆ ದಿನ ಆಟೋದವರೆಗಿನ ಹತ್ತು ಹೆಜ್ಜೆ ನಡೆಯಲಿಲ್ಲ.