ಕಾಕಾನ ಐದನೆಯ ಪರೀಕ್ಷೆ

ಅವರ ಬಲಗೈ ಹೆಬ್ಬೆರಳಿನ ಉಗುರು ಬುಡದ ತನಕ ಕೆಂಪಾಗಿತ್ತು. ಎಷ್ಟು ಸೋಪು ಹಚ್ಚಿದರೂ ಹೋಗುತ್ತಿರಲಿಲ್ಲ. ಜೀವಮಾನವಿಡೀ ಒಣಮೆಣಸಿನಕಾಯಿ ಮುರಿದ ಬೆರಳದು. ಕುಂದಗೋಳದ ನನ್ನ ಅಂಗಡಿಯಲ್ಲಿ ಮಾಲು ನೋಡಿ ದರ್ಜೆ ಹೇಳುತ್ತಿದ್ದ ಅವರನ್ನು ನಾನು ಕಾಕಾ ಅನ್ನುತ್ತಿದ್ದೆ. ಒಂದು ಕಾಯಿಯನ್ನು ಕಿವಿಯ ಹತ್ತಿರ ಒತ್ತಿ, “ಸುಳ್ಳು ಹೇಳಾಕತ್ತೈತಿ, ಒಳಗ ಹಸಿ ಐತಿ” ಅಂದರೆ ಮುಗೀತು. ನನ್ನ ಅಂಗಡಿಗೆ ಹೆಸರು ಬಂದದ್ದೇ ಆ ಕಿವಿಯಿಂದ.

ಒಮ್ಮೆ ಯರಗುಪ್ಪಿಯ ಹೆಣ್ಣುಮಗಳೊಬ್ಬಳ ಮಾಲನ್ನು ಒಂದು ಅಂಗಡಿಯವರು ಮೊದಲ ದರ್ಜೆ ಅಂದರು, ಬಾಜು ಅಂಗಡಿಯವರು ಮೂರನೆಯದು ಅಂದರು. ಒಬ್ಬ ಚೀಲದ ಬಾಯಿಂದ ಕಾಯಿ ತೆಗೆದಿದ್ದ, ಇನ್ನೊಬ್ಬ ತಳದಿಂದ. ಆಕೆ ಚೀಲದ ಮೇಲೆ ಕೂತು ಅತ್ತಳು. ಕಾಕಾಗೆ ಸಿಟ್ಟು ಬಂತು.

“ಮಾಲು ನೋಡೂ ಮಂದಿ ನಾವೆಲ್ಲಾ ಒಂದ ರೀತಿ ನೋಡಬೇಕು. ಬರದಿಡೂಣು. ನಿನ್ನ ಅಕ್ಷರ ಚಲೋ ಅದಾವ, ನೀ ಬರಿ.”

ಅಮಾವಾಸ್ಯೆಗೆ ಪೇಟೆ ಬಂದ್. ಎಲ್ಲ ಅಂಗಡಿಗಳ ದರ್ಜೆಗಾರರು ನನ್ನ ಗೋದಾಮಿನಲ್ಲಿ ಕೂತರು.

“ಎಲ್ಲಾ ಹೇಳಿಕೊಟ್ಟರ ನಿಮ್ಮನ್ನ ಯಾರ ಕೇಳ್ತಾರ್ರಿ ಕಾಕಾ?” ಅಂತ ಒಬ್ಬ ಕೆಣಕಿದ.

“ಕೇಳಬ್ಯಾಡ್ರಲೇ, ಆರಾಮ ಚಾ ಕುಡಕೋತ ಕೂಡತೇನಿ.”

ಚೀಲದ ಯಾವ ಭಾಗದಿಂದ ತೆಗೆಯಬೇಕು, ಎಷ್ಟು ಕಾಯಿ ಮುರಿಯಬೇಕು, ಬಣ್ಣ ಎಲ್ಲಿ ನಿಂತು ನೋಡಬೇಕು, ತೊಟ್ಟು ಹೇಗಿರಬೇಕು: ಜಗಳಾಡಿ ನಾಲ್ಕು ಪರೀಕ್ಷೆ ಬರೆದೆವು. ಐದನೆಯದು ಕಾಕಾಗೊಬ್ಬರಿಗೇ ಗೊತ್ತಿದ್ದದ್ದು, ಮೇಲೆ ಒಣಗಿ ಒಳಗೆ ಹಸಿ ಉಳಿದ ಕಾಯಿಯನ್ನು ಕಿವಿಯ ಹತ್ತಿರ ಒತ್ತಿದಾಗ ಕೇಳುವ ಸದ್ದಿನ ಗುರುತು. ನಾನು ಅವರನ್ನು ಬದಿಗೆ ಕರೆದೆ.

“ಅದೊಂದು ನಮ್ಮ ಅಂಗಡಿಗೇ ಇರಲ್ರಿ. ಮುಂದಿನ ಅಮಾಸಿಗೆ ನೋಡೂಣು.”

ಕಾಕಾ ಕೈಯಲ್ಲಿದ್ದ ಕಾಯಿಯನ್ನು ಕಿಸೆಗೆ ಹಾಕಿಕೊಂಡರು. “ನಿನ್ನ ಮಾತು ಯಾವಾಗ ಮೀರೇನಿ? ಆದ್ರ ಭಾಳ ತಡಾ ಮಾಡಬ್ಯಾಡಪಾ.”

ಎಷ್ಟೋ ಅಮಾವಾಸ್ಯೆ ಮುಂದೂಡಿದೆ. ಕಾಕಾ ಇದ್ದಾರಲ್ಲ ಎಂಬ ಧೈರ್ಯದಲ್ಲಿ ನಾನೂ ಅದನ್ನು ಕಲಿಯಲಿಲ್ಲ. ನಿಮ್ಮ ದಂಧೆಯಲ್ಲಿ ಇಂಥವರಿದ್ದರೆ ಇವತ್ತೇ ಕೂತು ಕೇಳಿಕೊಳ್ಳಿರಿ. ಈ ವ್ಯವಹಾರದಲ್ಲಿ ಮಾತ್ರ ಚೌಕಾಶಿ ಬೇಡ.

ಲಕ್ವಾ ಹೊಡೆದು ಅವರ ಬಲಗೈ, ನಾಲಿಗೆ ಎರಡೂ ಹೋದವು. ಒಂದು ಹಿಡಿ ಕಾಯಿ, ನಾಲ್ಕು ಪರೀಕ್ಷೆ ಬರೆದಿಟ್ಟ ವಹಿ ತಗೊಂಡು ಅವರ ಮನೆಗೆ ಓಡಿದೆ. “ಹೇಳ್ರಿ ಕಾಕಾ, ಎಲ್ಲಾರಿಗೂ ಬರೀತೇನಿ” ಅಂದೆ. ಎಡಗೈಯಿಂದ ಒಂದು ಕಾಯಿ ಎತ್ತಿ ಕಿವಿಯ ತನಕ ಒಯ್ದರು. ರೂಢಿಯಿಲ್ಲದ ಆ ಬೆರಳು ಒತ್ತಲಿಲ್ಲ. ಕಾಯಿ ಹಾಸಿಗೆಯ ಮೇಲೆ ಬಿತ್ತು. ಮತ್ತೆ ಎತ್ತಿದರು, ಮತ್ತೆ ಬಿತ್ತು. ಅವರ ಕಣ್ಣಲ್ಲಿ ನೀರು ಬಂದಾಗ ನಾನೇ ವಹಿ ಮುಚ್ಚಿದೆ.

ವಾರದೊಳಗೆ ತೀರಿಕೊಂಡರು. ಮಣ್ಣು ಕೊಟ್ಟು ಖಬರಸ್ಥಾನದಿಂದ ಹೊರಗೆ ಬಂದಾಗ ದರ್ಜೆಗಾರರೆಲ್ಲ ಸುತ್ತ ನಿಂತರು.

“ಅಣ್ಣಾರ, ಐದನೇದು ನಿಮಗರ ಹೇಳಿರಬೇಕಲ್ರಿ?”

“ಇಲ್ಲ” ಅಂದೆ. ಒಬ್ಬರೂ ನಂಬಲಿಲ್ಲ.